‘ನಾರ್ಮಲ್’ ಕ್ರಿಯೇಟಿನಿನ್ ನಂಬಿ ಕೂರಬೇಡಿ, ಮೊದಲ ದಿನದ ಅಂಕಿ ಕೇಳಿ

ಮಾನ್ಯ ಸಂಪಾದಕರೇ,

ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದವರು ‘ಕಿಡ್ನಿ ಫೇಲ್ ಆಗಿ’ ತೀರಿಕೊಂಡರು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕೇಳಿದವರು ಅದನ್ನು ಕ್ಯಾನ್ಸರಿನ ಕೊನೆಯ ಹಂತವೆಂದೋ ಕೀಮೋ ಔಷಧದ ಉರಿಯೆಂದೋ ತಿಳಿದು ಸುಮ್ಮನಾಗುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಲ್ಯೂಕೀಮಿಯಾ, ಲಿಂಫೋಮಾ, ಮೈಲೋಮಾ ಎಂಬ ರಕ್ತ ಕ್ಯಾನ್ಸರ್‌ಗಳಿಗೆಂದು ಆಸ್ಪತ್ರೆ ಸೇರಿದ ವಯಸ್ಕರ ಕಿಡ್ನಿ ಕೆಡಲು ಕಾರಣಗಳು ಹತ್ತಾರು. ಅವುಗಳಲ್ಲಿ ಹೆಚ್ಚಿನವು ಯಾವ ದಿನ, ಯಾವ ಔಷಧದ ಬೆನ್ನಿಗೆ ಬರುತ್ತವೆ ಎಂಬುದು ಮೊದಲೇ ಗೊತ್ತಿರುವಂಥವು. ಕೈಮೀರುವ ಮುನ್ನ ಒಂದೆರಡು ದಿನ ಸುಳಿವೂ ಸಿಗುತ್ತದೆ. ಆ ಸುಳಿವು ಕೇಸ್ ಶೀಟಿನಲ್ಲೇ ಬಿದ್ದಿರುತ್ತದೆ. ಅದನ್ನು ಅದೇ ರೋಗಿಯ ಹಿಂದಿನ ಅಂಕಿಯ ಪಕ್ಕದಲ್ಲಿಟ್ಟು ನೋಡುವವರು ಬೇಕು.

ಕ್ರಿಯೇಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ, ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಸದ ವಿಚಾರವನ್ನೇ ತೆಗೆದುಕೊಳ್ಳಿ. ಲ್ಯಾಬ್ ವರದಿಯಲ್ಲಿ ಒಂದು ಡೆಸಿಲೀಟರಿಗೆ ಗಂಡಸರಿಗೆ ಸುಮಾರು 0.7ರಿಂದ 1.3 ಮಿಲಿಗ್ರಾಂ, ಹೆಂಗಸರಿಗೆ 0.6ರಿಂದ 1.1 ಎಂದು ಮಿತಿ ಅಚ್ಚಾಗಿರುತ್ತದೆ. ಅದರೊಳಗಿದ್ದರೆ ಸರಿ ಎಂದು ಓದುವುದು ರೂಢಿ. ಆದರೆ ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುವಿನಿಂದ. ವಾರಗಟ್ಟಲೆ ಜ್ವರ ಕಾದು, ಊಟ ಸೇರದೆ, ಸ್ಟೀರಾಯ್ಡ್ ನುಂಗಿ ತೊಡೆ ತೋಳು ಕರಗಿಹೋದವರಲ್ಲಿ ಅದು ಹುಟ್ಟುವುದೇ ಕಡಿಮೆ. ದಾಖಲಾದ ದಿನ 0.5 ಇದ್ದದ್ದು ಮೂರನೇ ದಿನ 0.9 ಆಯಿತೆನ್ನಿ. ವರದಿಯಲ್ಲಿ ಕೆಂಪು ಗುರುತಿಲ್ಲ, ರೌಂಡ್ಸಿನಲ್ಲಿ ಯಾರ ಹುಬ್ಬೂ ಏರುವುದಿಲ್ಲ. ಆದರೆ 48 ಗಂಟೆಯೊಳಗೆ 0.3 ಏರಿದರೆ, ಇಲ್ಲವೇ ಏಳು ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾದರೆ ಅದು ಕಿಡ್ನಿಗೆ ಬಿದ್ದ ತೀವ್ರ ಪೆಟ್ಟು ಎಂದು ಕಿಡ್ನಿ ರೋಗಗಳ ಅಂತರರಾಷ್ಟ್ರೀಯ ತಜ್ಞ ಸಂಸ್ಥೆಯಾದ ಕೆಡಿಗೋದ 2012ರ ಮಾರ್ಗಸೂಚಿ ಹೇಳುತ್ತದೆ. ಇಲ್ಲಿ ಎರಡೂ ಆಗಿವೆ. ಈ ಹಂತದಲ್ಲಿ ಡ್ರಿಪ್ ಸರಿಪಡಿಸಿ ಒಂದು ಔಷಧ ಬದಲಿಸಿದರೆ ಮುಗಿಯಬಹುದಾದ ಕೆಲಸ, 2.5 ದಾಟಿದ ಮೇಲೆ ಡಯಾಲಿಸಿಸ್ ಮೆಷಿನ್ ಹುಡುಕುವ ಕೆಲಸವಾಗುತ್ತದೆ.

ಕ್ರಿಯೇಟಿನಿನ್ ಏರದಿದ್ದರೂ ಮೋಸ ಹೋಗುವುದುಂಟು. 65 ವರ್ಷ, 45 ಕಿಲೋ ತೂಕದ ಹೆಂಗಸು, ಕ್ರಿಯೇಟಿನಿನ್ 1.0. ವರದಿಯ ಪ್ರಕಾರ ಎಲ್ಲ ಸರಿ. ಔಷಧದ ಡೋಸ್ ಲೆಕ್ಕಕ್ಕೆ ಬಳಸುವ ಹಳೆಯ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ ನೋಡಿ: 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ, 72 ಮತ್ತು ಕ್ರಿಯೇಟಿನಿನ್‌ನ ಗುಣಲಬ್ಧದಿಂದ ಭಾಗಿಸಿ, ಹೆಂಗಸಾದರೆ 0.85ರಿಂದ ಗುಣಿಸಬೇಕು. ಬರುವುದು ನಿಮಿಷಕ್ಕೆ 40 ಮಿಲಿಲೀಟರ್ ಆಸುಪಾಸು. ಇಷ್ಟು ಕಿಡ್ನಿ ಶಕ್ತಿಯವರಿಗೆ ಮೈಲೋಮಾದ ಲೆನಾಲಿಡೊಮೈಡ್ ಮಾತ್ರೆಯನ್ನು ಎಂದಿನ 25 ಮಿಲಿಗ್ರಾಂ ಕೊಡುವಂತಿಲ್ಲ, 10ಕ್ಕೆ ಇಳಿಸಬೇಕು. ಮೂಳೆ ಗಟ್ಟಿಗೊಳಿಸಲು ಕೊಡುವ ಜೊಲೆಡ್ರೊನಿಕ್ ಆಮ್ಲವನ್ನು 4ರ ಬದಲು 3.3 ಮಿಲಿಗ್ರಾಂ ಕೊಡಬೇಕು, ಅದೂ 15 ನಿಮಿಷಕ್ಕಿಂತ ಬೇಗ ಹರಿಸಬಾರದು. ನಿಮಿಷಕ್ಕೆ 30ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊಡದಿರುವುದೇ ವಾಸಿ. ಫೋನಿನಲ್ಲಿ ಅರ್ಧ ನಿಮಿಷದ ಲೆಕ್ಕ ಇದು. ಚಿಕಿತ್ಸೆಯ ಪ್ರತಿ ಸುತ್ತಿಗೂ, ಅಂದರೆ ಸೈಕಲ್ಲಿಗೂ, ಹೊಸ ತೂಕ, ಹೊಸ ಕ್ರಿಯೇಟಿನಿನ್ ಹಾಕಿ ಮಾಡಬೇಕು. ಹಿಂದಿನ ಸೈಕಲ್ಲಿನ ಡೋಸನ್ನು ನಕಲು ಮಾಡುವುದರಿಂದ ಆಗುವ ಹಾನಿ ಸಣ್ಣದಲ್ಲ.

ಇನ್ನೊಂದು, ಪರೀಕ್ಷೆ ಒಂದೇ ಲ್ಯಾಬಿನಲ್ಲಿ ಆಗಲಿ. ಕ್ರಿಯೇಟಿನಿನ್ ಅಳೆಯುವ ಹಳೆಯ ಜಾಫೆ ವಿಧಾನಕ್ಕೂ ಹೊಸ ಎಂಜೈಮ್ ವಿಧಾನಕ್ಕೂ ಅಲ್ಪಸ್ವಲ್ಪ ವ್ಯತ್ಯಾಸ ಬರುತ್ತದೆ. ಸೋಮವಾರ ಆಸ್ಪತ್ರೆಯ ಲ್ಯಾಬ್, ಬುಧವಾರ ಎದುರಿನ ಬೀದಿಯ ಲ್ಯಾಬ್ ಎಂದಾದರೆ 0.3ರ ಏರಿಕೆ ಕಿಡ್ನಿಯದೋ ಮೆಷಿನ್ನಿನದೋ ತಿಳಿಯದು.

ಮೂತ್ರದ ಲೆಕ್ಕ ಕ್ರಿಯೇಟಿನಿನ್‌ಗಿಂತ ಮೊದಲೇ ಮಾತಾಡುತ್ತದೆ. ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್ ಎಂಬುದು ಕನಿಷ್ಠ. 60 ಕಿಲೋ ಮನುಷ್ಯನಿಗೆ ಗಂಟೆಗೆ 30, ಆರು ಗಂಟೆಗೆ 180 ಮಿಲಿಲೀಟರ್. ಅದಕ್ಕಿಂತ ಕಡಿಮೆಯಾದರೆ ಬೆಳಗಿನ ವರದಿಗೆ ಕಾಯದೆ ಡ್ಯೂಟಿ ಡಾಕ್ಟರಿಗೆ ಹೇಳಬೇಕು. ಬಿಳಿ ರಕ್ತಕಣ ಕುಸಿದವರಿಗೆ ಅಳತೆಯ ನೆಪದಲ್ಲಿ ಮೂತ್ರದ ನಳಿಗೆ ಹಾಕಬಾರದು, ಸೋಂಕು ಅದೇ ದಾರಿಯಲ್ಲಿ ಬರುತ್ತದೆ. ಗುರುತಿರುವ ಜಗ್ಗು ಸಾಕು. ನಮ್ಮ ವಾರ್ಡುಗಳಲ್ಲಿ ಈ ಕೆಲಸ ಮಾಡುವವರು ಮನೆಯವರೇ. ‘ಎರಡು ಸಲ ಹೋದರು’ ಎಂದು ಬರೆಸುವ ಬದಲು ಎಷ್ಟು ಮಿಲಿಲೀಟರ್ ಎಂದು ಬರೆಸಿ. ಕೀಮೋ ನಡೆದ ದಿನಗಳಲ್ಲಿ ಮತ್ತು ಆಮೇಲೆ ಎರಡು ದಿನ ಕೈಗವಸು ಹಾಕಿಯೇ ಸುರಿಯಿರಿ. ಬೆಳಗ್ಗೆ ತಿಂಡಿಗೆ ಮುಂಚೆ, ಮೂತ್ರ ಮಾಡಿದ ಮೇಲೆ, ಅದೇ ತಕ್ಕಡಿಯಲ್ಲಿ ತೂಕ. ದಿನದೊಪ್ಪತ್ತಿನಲ್ಲಿ ಏರಿದ ಒಂದು ಕಿಲೋ ಎಂದರೆ ಒಳಗೆ ಉಳಿದ ಒಂದು ಲೀಟರ್ ನೀರು, ಮೈ ಹಿಡಿದದ್ದಲ್ಲ.

ಕಾರಣಗಳಲ್ಲಿ ಎಲ್ಲಕ್ಕಿಂತ ವೇಗದ್ದು ಟ್ಯೂಮರ್ ಲೈಸಿಸ್. ಬರ್ಕಿಟ್ ಲಿಂಫೋಮಾ, ಬಿಳಿ ರಕ್ತಕಣ ಒಂದು ಲಕ್ಷ ದಾಟಿದ ತೀವ್ರ ಲ್ಯೂಕೀಮಿಯಾ, ದೊಡ್ಡ ಗೆಡ್ಡೆಗಳ ಲಿಂಫೋಮಾ ಇವುಗಳಲ್ಲಿ ಔಷಧ ತಾಕಿದ್ದೇ ತಡ ಕೋಟ್ಯಂತರ ಕೋಶಗಳು ಒಮ್ಮೆಗೇ ಒಡೆಯುತ್ತವೆ. ಅವುಗಳೊಳಗಿನ ಪೊಟ್ಯಾಸಿಯಂ, ರಂಜಕ, ಯೂರಿಕ್ ಆಮ್ಲವಾಗುವ ಪ್ಯೂರಿನ್ ರಕ್ತಕ್ಕೆ ಸುರಿಯುತ್ತವೆ. ಯೂರಿಕ್ ಆಮ್ಲ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳಾಗುತ್ತದೆ, ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಅಲ್ಲೇ ಕೂರುತ್ತದೆ, ಪೊಟ್ಯಾಸಿಯಂ ಹೃದಯ ನಿಲ್ಲಿಸುತ್ತದೆ. ವಯಸ್ಕರಲ್ಲಿ ಯೂರಿಕ್ ಆಮ್ಲ 8, ರಂಜಕ 4.5 ಮಿಲಿಗ್ರಾಂ, ಪೊಟ್ಯಾಸಿಯಂ 6 ಮುಟ್ಟುವುದು, ಕ್ಯಾಲ್ಸಿಯಂ 7ಕ್ಕೆ ಇಳಿಯುವುದು: ಈ ನಾಲ್ಕರಲ್ಲಿ ಎರಡಾದರೂ ಕೀಮೋಗೆ ಮೂರು ದಿನ ಮುಂಚಿನಿಂದ ಏಳು ದಿನ ನಂತರದೊಳಗೆ ಕಂಡರೆ ಟ್ಯೂಮರ್ ಲೈಸಿಸ್ ಎನ್ನುತ್ತೇವೆ. ಹೆಚ್ಚಾಗಿ ಬರುವುದು ಮೊದಲ 12ರಿಂದ 72 ಗಂಟೆಗಳಲ್ಲಿ.

ಇದಕ್ಕೆ ಕೀಮೋನೇ ಬೇಕೆಂದಿಲ್ಲ, ಒಂದೆರಡು ಸ್ಟೀರಾಯ್ಡ್ ಇಂಜೆಕ್ಷನ್ ಸಾಕು. ಕುತ್ತಿಗೆಯಲ್ಲಿ ಗಂಟು, ಬಿಡದ ಜ್ವರ ಎಂದು ಬಂದವರಿಗೆ ಗಂಟಿನ ಪರೀಕ್ಷೆ ಆಗುವ ಮೊದಲೇ ಡೆಕ್ಸಾಮೆಥಸೋನ್ ಚುಚ್ಚುವ ಚಾಳಿ ಊರೂರಿನ ಕ್ಲಿನಿಕ್ಕುಗಳಲ್ಲಿದೆ. ಗಂಟು ಕರಗಿ ಬಯಾಪ್ಸಿ ಉತ್ತರ ಕೊಡುವುದಿಲ್ಲ, ಜೊತೆಗೆ ಯಾರೂ ಕಾಯದೇ ಇರುವಾಗ ಲೈಸಿಸ್ ಶುರುವಾಗುತ್ತದೆ. ಸಾಮಾನ್ಯ ವೈದ್ಯರಲ್ಲಿ ನಮ್ಮ ವಿನಂತಿ: ಕಾರಣ ತಿಳಿಯದ ಗಂಟಿಗೆ ಸ್ಟೀರಾಯ್ಡ್ ಬೇಡ.

ತಡೆಯುವ ಕ್ರಮದಲ್ಲಿ ಮೊದಲನೆಯದು ನೀರು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 2ರಿಂದ 3 ಲೀಟರ್ ಡ್ರಿಪ್. ಸಾಧಾರಣ ಮೈಕಟ್ಟಿನ, ಅಂದರೆ 1.6 ಚದರ ಮೀಟರಿನ ವ್ಯಕ್ತಿಗೆ ಇದು 3.2ರಿಂದ 4.8 ಲೀಟರ್. ಗಂಟೆಗೆ 130ರಿಂದ 160 ಮಿಲಿಲೀಟರ್ ಮೂತ್ರ ಹೊರಬರುತ್ತಿರಬೇಕು. ಬಾಟಲಿಗೆ ಪೊಟ್ಯಾಸಿಯಂ ಬೆರೆಸಬಾರದು. ಕೀಮೋಗೆ ಕನಿಷ್ಠ ಒಂದು ದಿನ ಮುಂಚೆ ಇದನ್ನು ಶುರು ಮಾಡಬೇಕು. ಕೀಮೋ ಹಾಕುವ ಬೆಳಗ್ಗೆ ಎರಡು ಬಾಟಲಿ ಓಡಿಸಿದರೆ ಆಗಲಿಲ್ಲ. ಹೃದಯ ಬಲವಿಲ್ಲದವರಿಗೆ ಇಷ್ಟು ನೀರು ಶ್ವಾಸಕೋಶಕ್ಕೆ ಏರುತ್ತದೆ, ತೂಕದ ಪಟ್ಟಿ ಬೇಕಾಗುವುದು ಇದಕ್ಕೇ.

ಎರಡನೆಯದು ಅಲೋಪ್ಯೂರಿನಾಲ್, ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ. ಅಗ್ಗದ ಮಾತ್ರೆ, ಎಲ್ಲ ಕಡೆ ಸಿಗುತ್ತದೆ. ಆದರೆ ಅದು ಹೊಸ ಯೂರಿಕ್ ಆಮ್ಲ ಹುಟ್ಟದಂತೆ ತಡೆಯುತ್ತದೆಯೇ ಹೊರತು ಆಗಲೇ ರಕ್ತದಲ್ಲಿರುವುದನ್ನು ಕರಗಿಸುವುದಿಲ್ಲ. ಯೂರಿಕ್ ಆಮ್ಲ 11 ಇರುವವರಿಗೆ ಅಲೋಪ್ಯೂರಿನಾಲ್ ಕೊಟ್ಟು ಕೀಮೋ ಶುರು ಮಾಡುವುದು ಗುಂಡಿ ನೋಡಿಯೂ ಕಾಲಿಟ್ಟಂತೆ. ಅಲ್ಲಿ ಬೇಕಾದದ್ದು ಆಗಲೇ ಇರುವ ಯೂರಿಕ್ ಆಮ್ಲವನ್ನು ಒಡೆಯುವ ರಾಸ್‌ಬ್ಯೂರಿಕೇಸ್ ಇಂಜೆಕ್ಷನ್. ಪೂರ್ಣ ಪ್ರಮಾಣ ಪ್ರತಿ ಕಿಲೋಗೆ 0.2 ಮಿಲಿಗ್ರಾಂ. 60 ಕಿಲೋದವರಿಗೆ 12 ಮಿಲಿಗ್ರಾಂ, ಅಂದರೆ 1.5 ಮಿಲಿಗ್ರಾಂನ ಎಂಟು ವಯಲ್. ಇಷ್ಟು ದುಡ್ಡು ಸುರಿಯಬೇಕೆಂದಿಲ್ಲ, ಹೆಚ್ಚಿನ ವಯಸ್ಕರಿಗೆ 3 ಮಿಲಿಗ್ರಾಂ ಒಂದೇ ಸಲ ಕೊಟ್ಟು, ಮತ್ತೆ ಅಳೆದು, ಅಗತ್ಯವಿದ್ದರೆ ಮಾತ್ರ ಇನ್ನೊಮ್ಮೆ ಕೊಡುವುದು ಸಾಕಾಗುತ್ತದೆ. ನಾಲ್ಕು ಗಂಟೆಯಲ್ಲೇ ಅಂಕಿ ಬೀಳುತ್ತದೆ. ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಲೇಬೇಕು. ಆ ಕಿಣ್ವದ ಕೊರತೆಯಿದ್ದವರಲ್ಲಿ ಕೆಂಪು ರಕ್ತಕಣಗಳು ಒಡೆದು ಜೀವಕ್ಕೇ ಬರುತ್ತದೆ. ಮತ್ತೊಂದು ಪುಟ್ಟ ಎಡವಟ್ಟು ಪದೇ ಪದೇ ಆಗುತ್ತದೆ. ರಾಸ್‌ಬ್ಯೂರಿಕೇಸ್ ಟ್ಯೂಬಿನೊಳಗೂ ಕೆಲಸ ಮಾಡುತ್ತಲೇ ಇರುತ್ತದೆ. ರಕ್ತವನ್ನು ಮೊದಲೇ ತಣ್ಣಗಾಗಿಸಿದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬಿನಲ್ಲಿ ತೆಗೆದು ಐಸಿನಲ್ಲಿಟ್ಟು ಒಯ್ಯದಿದ್ದರೆ ಯೂರಿಕ್ ಆಮ್ಲ ‘0.5’ ಎಂದು ಸುಳ್ಳು ವರದಿ ಬರುತ್ತದೆ, ಎಲ್ಲರೂ ನಿರಾಳರಾಗುತ್ತಾರೆ.

ಮೂತ್ರವನ್ನು ಕ್ಷಾರೀಯ ಮಾಡಲು ಸೋಡಾ ಬೈಕಾರ್ಬೊನೇಟ್ ಓಡಿಸುವ ಹಳೆಯ ಪದ್ಧತಿ ಟ್ಯೂಮರ್ ಲೈಸಿಸ್‌ನಲ್ಲಿ ಈಗ ಬೇಡ. ಯೂರಿಕ್ ಆಮ್ಲ ಕೊಂಚ ಕರಗಿದರೂ ಕ್ಯಾಲ್ಸಿಯಂ-ರಂಜಕ ಹೆಚ್ಚು ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆ ಎಂದು ವರದಿ ಬಂದ ಮಾತ್ರಕ್ಕೆ ಕ್ಯಾಲ್ಸಿಯಂ ಚುಚ್ಚುವುದೂ ಅಷ್ಟೇ ಕೆಟ್ಟದ್ದು. ಕೈ ಸೆಳೆತ, ಫಿಟ್ಸ್ ಇದ್ದರೆ ಅಥವಾ ಪೊಟ್ಯಾಸಿಯಂನಿಂದ ಇಸಿಜಿ ಬದಲಾಗಿದ್ದರೆ ಮಾತ್ರ ಕೊಡಬೇಕು.

ಪೊಟ್ಯಾಸಿಯಂ ಬಗ್ಗೆ ಒಂದು ಎಚ್ಚರಿಕೆ. ಬಿಳಿ ರಕ್ತಕಣ ಎರಡು ಲಕ್ಷ ಇರುವವರ ವರದಿಯಲ್ಲಿ ಪೊಟ್ಯಾಸಿಯಂ 7.2, ಇಸಿಜಿ ಮಾತ್ರ ಸರಿಯಾಗಿದೆ ಎಂದರೆ ಟ್ಯೂಬಿನಲ್ಲೇ ಕಣಗಳು ಒಡೆದಿರುವ ಸಾಧ್ಯತೆ ಹೆಚ್ಚು. ಬ್ಲಡ್ ಗ್ಯಾಸ್ ಸಿರಿಂಜಿನಲ್ಲಿ ಹೊಸದಾಗಿ ತೆಗೆದು, ಕುಲುಕದೆ ಕೈಯಲ್ಲೇ ಒಯ್ದು ಕೂಡಲೇ ಅಳೆಯಿರಿ. ಹುಸಿ ಏರಿಕೆಗೆ ಪೊಟ್ಯಾಸಿಯಂ ಇಳಿಸುವ ಇನ್ಸುಲಿನ್ ಕೊಟ್ಟರೆ ನಿಜವಾದ ಕುಸಿತ ಎದುರಾಗುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಕ್ರಿಯೇಟಿನಿನ್, ಪೊಟ್ಯಾಸಿಯಂ, ರಂಜಕ, ಕ್ಯಾಲ್ಸಿಯಂ, ಯೂರಿಕ್ ಆಮ್ಲ, ಕೋಶ ಒಡೆದಾಗ ಏರುವ ಎಲ್‌ಡಿಎಚ್ ಕಿಣ್ವ ಈ ಆರು ಪರೀಕ್ಷೆಗಳು ಅಪಾಯವಿರುವವರಿಗೆ ಮೊದಲ ಮೂರು ದಿನ ಆರರಿಂದ ಎಂಟು ಗಂಟೆಗೊಮ್ಮೆ ಬೇಕು. ಸಂಜೆ ಐದಕ್ಕೆ ಬಯೋಕೆಮಿಸ್ಟ್ರಿ ಬಾಗಿಲು ಹಾಕುವ ಆಸ್ಪತ್ರೆಯಲ್ಲಿ ಬರ್ಕಿಟ್ ಲಿಂಫೋಮಾಗೆ ಕೀಮೋ ಶುರು ಮಾಡಬಾರದು. ಅದರಲ್ಲೂ ಶನಿವಾರ ಶುರು ಮಾಡಬಾರದು. ಇದು ನಮ್ಮ ಖಚಿತ ಅಭಿಪ್ರಾಯ.

ಟ್ಯೂಮರ್ ಲೈಸಿಸ್ ಅಬ್ಬರದಿಂದ ಬಂದರೆ ಮೈಲೋಮಾ ಕಳ್ಳಹೆಜ್ಜೆಯಲ್ಲಿ ಬರುತ್ತದೆ. ರೋಗ ಪತ್ತೆಯಾಗುವ ಹೊತ್ತಿಗೇ ಐವರಲ್ಲಿ ಒಬ್ಬರ ಕ್ರಿಯೇಟಿನಿನ್ 2 ದಾಟಿರುತ್ತದೆ. ಕೆಟ್ಟ ಪ್ಲಾಸ್ಮಾ ಕೋಶಗಳು ಸುರಿಸುವ ಲಘು ಸರಪಳಿ (ಲೈಟ್ ಚೈನ್) ಪ್ರೋಟೀನು ಕಿಡ್ನಿಯ ನಾಳಗಳ ಕೊನೆಯ ಭಾಗದಲ್ಲಿ, ಅಲ್ಲಿ ಸಹಜವಾಗಿರುವ ಯೂರೊಮಾಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಅಂಟಿ ಗಟ್ಟಿ ಬಿರಡೆಯಾಗುತ್ತದೆ. ನೀರು ಕಡಿಮೆಯಾದಷ್ಟೂ, ಕ್ಯಾಲ್ಸಿಯಂ ಹೆಚ್ಚಿದಷ್ಟೂ ಬಿರಡೆ ಬಿಗಿಯುತ್ತದೆ. ರೋಗಿ ಮೊದಲು ಬರುವುದು ಸೊಂಟನೋವು, ಬೆನ್ನುನೋವು ಎಂದು. ಸಿಗುವುದು ಡೈಕ್ಲೊಫೆನಾಕ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಅಸೆಕ್ಲೊಫೆನಾಕ್ ಮಾತ್ರೆ. ಈ ಗುಂಪಿನ ನೋವುಮಾತ್ರೆಗಳು ಕಿಡ್ನಿಗೆ ರಕ್ತ ಹರಿಸುವ ನಾಳವನ್ನು ಬಿಗಿಮಾಡುತ್ತವೆ, ಅರ್ಧ ಕಟ್ಟಿದ ಕಿಡ್ನಿ ಪೂರ್ತಿ ಕಟ್ಟುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ಬಂದ, ರಾತ್ರಿಯೂ ಬಿಡದ ಬೆನ್ನುನೋವಿನ ಜೊತೆ ರಕ್ತಹೀನತೆ ಇದ್ದರೆ ನೋವಿನ ಇಂಜೆಕ್ಷನ್‌ಗೆ ಮುಂಚೆ ಹಿಮೊಗ್ಲೋಬಿನ್, ಕ್ರಿಯೇಟಿನಿನ್, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಲಿ. ನೋವಿಗೆ ಪ್ಯಾರಾಸೆಟಮಾಲ್ ಇದೆ, ಅಗತ್ಯ ಬಿದ್ದರೆ ಟ್ರಮಡಾಲ್ ಅಥವಾ ಫೆಂಟನಿಲ್ ಪಟ್ಟಿ ಇದೆ.

ಇಲ್ಲಿ ಮೂತ್ರದ ಪಟ್ಟಿ ಪರೀಕ್ಷೆ ದಾರಿ ತಪ್ಪಿಸುತ್ತದೆ. ಪಟ್ಟಿ ಹಿಡಿಯುವುದು ಮುಖ್ಯವಾಗಿ ಅಲ್ಬುಮಿನ್ ಎಂಬ ಒಂದು ಬಗೆಯ ಪ್ರೋಟೀನನ್ನು. ಲಘು ಸರಪಳಿ ಎಷ್ಟೇ ಹರಿಯುತ್ತಿದ್ದರೂ ‘ಪ್ರೋಟೀನ್ ಇಲ್ಲ’ ಎಂದೇ ತೋರಿಸುತ್ತದೆ. ತಾಲ್ಲೂಕು ಲ್ಯಾಬಿನಲ್ಲೂ ಮಾಡಬಹುದಾದ ಉಪಾಯವೊಂದಿದೆ. ಸೋಸಿದ ಮೂತ್ರಕ್ಕೆ ಶೇ 3ರ ಸಲ್ಫೊಸ್ಯಾಲಿಸಿಲಿಕ್ ಆಮ್ಲ ಹಾಕಿದರೆ ಎಲ್ಲ ಬಗೆಯ ಪ್ರೋಟೀನೂ ಮಂಜಾಗುತ್ತದೆ. ಪಟ್ಟಿಯಲ್ಲಿ ಏನೂ ಇಲ್ಲ, ಆಮ್ಲ ಹಾಕಿದರೆ ಹಾಲಿನಂತೆ ಬಿಳುಪು ಎಂದರೆ ಆ ವ್ಯಕ್ತಿಯನ್ನು ರಕ್ತರೋಗ ತಜ್ಞರ ಬಳಿ ಅದೇ ವಾರ ಕಳಿಸಬೇಕು. ಖಚಿತಪಡಿಸಲು ಸೀರಂ ಫ್ರೀ ಲೈಟ್ ಚೈನ್ ಪರೀಕ್ಷೆಯಿದೆ. ಲೀಟರಿಗೆ 500 ಮಿಲಿಗ್ರಾಂ ದಾಟಿದ್ದು ಕಿಡ್ನಿಯೂ ಕುಸಿಯುತ್ತಿದ್ದರೆ ಬಿರಡೆಯೇ ಕಾರಣವೆಂದು ಹಿಡಿಯಬಹುದು. ಪಟ್ಟಿಯಲ್ಲಿ ಅಲ್ಬುಮಿನ್ ಧಾರಾಳವಾಗಿ ಕಂಡು ಕಾಲು ಊದಿದ್ದರೆ ಕಥೆ ಬೇರೆ, ಅಂಗಗಳಲ್ಲಿ ಕೆಟ್ಟ ಪ್ರೋಟೀನು ಕೂರುವ ಅಮಿಲಾಯ್ಡ್ ರೋಗದ ಬಗ್ಗೆ ಯೋಚಿಸಬೇಕು.

ಕ್ಯಾಲ್ಸಿಯಂ ಅಂಕಿಯನ್ನೂ ಅಲ್ಬುಮಿನ್ ನೋಡದೆ ಓದಬಾರದು. ಕ್ಯಾಲ್ಸಿಯಂ 10.2, ಅಲ್ಬುಮಿನ್ 2.5 ಎಂದಿಟ್ಟುಕೊಳ್ಳಿ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯಿದೆಯೋ ಅದನ್ನು 0.8ರಿಂದ ಗುಣಿಸಿ ಕೂಡಿದರೆ ನಿಜವಾದ ಲೆಕ್ಕ 11.4. ಡ್ರಿಪ್ ಬೇಕಾದ ರೋಗಿಯನ್ನು ಮನೆಗೆ ಕಳಿಸುವ ತಪ್ಪು ಇಲ್ಲೇ ಆಗುವುದು. ಅಲ್ಬುಮಿನ್‌ಗೆ ಅಂಟದೆ ಬಿಡಿಯಾಗಿರುವ ಅಯನೀಕೃತ ಕ್ಯಾಲ್ಸಿಯಂ ಅಳೆಯುವ ಸೌಕರ್ಯವಿದ್ದರೆ ಈ ಗುಣಾಕಾರವೂ ಬೇಡ.

ಮೈಲೋಮಾ ಕಿಡ್ನಿಗೆ ಮದ್ದು ಮೈಲೋಮಾದ ಮದ್ದೇ. ‘ಕಿಡ್ನಿ ಸುಧಾರಿಸಲಿ, ಆಮೇಲೆ ಕೀಮೋ ನೋಡೋಣ’ ಎಂದು ಎರಡು ವಾರ ತಳ್ಳುವುದು ತಲೆಕೆಳಗಾದ ಲೆಕ್ಕ. ಬೊರ್ಟೆಜೊಮಿಬ್ ಮತ್ತು ಡೆಕ್ಸಾಮೆಥಸೋನ್ ಅನ್ನು ಪತ್ತೆಯಾದ ಒಂದೆರಡು ದಿನದಲ್ಲೇ ಶುರು ಮಾಡಬೇಕು. ಬೊರ್ಟೆಜೊಮಿಬ್‌ನ ಪ್ರತಿ ಚದರ ಮೀಟರಿಗೆ 1.3 ಮಿಲಿಗ್ರಾಂ ಪ್ರಮಾಣವನ್ನು ಕಿಡ್ನಿಗಾಗಿ ಇಳಿಸಬೇಕಿಲ್ಲ, ಡಯಾಲಿಸಿಸ್ ದಿನವಾದರೆ ಡಯಾಲಿಸಿಸ್ ಮುಗಿದ ಮೇಲೆ ಕೊಟ್ಟರಾಯಿತು. ಮೂರು ವಾರದಲ್ಲಿ ಲಘು ಸರಪಳಿ ಕನಿಷ್ಠ ಶೇ 60 ಇಳಿದರೆ ಕಿಡ್ನಿ ಮರಳುವ ಆಸೆ ಚೆನ್ನಾಗಿರುತ್ತದೆ. ಮೂತ್ರ ಬರುತ್ತಿರುವವರು ದಿನಕ್ಕೆ ಮೂರು ಲೀಟರ್ ದ್ರವ ಒಳಗೆ ಹೋಗುವಂತೆ ನೋಡಿಕೊಳ್ಳಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಇದು ಸಾಲದು. ರಾತ್ರಿ ಬಸ್ಸಿನಲ್ಲಿ ಶೌಚಕ್ಕೆ ಇಳಿಯಲಾಗದೆಂದು ಹಿಂದಿನ ಮಧ್ಯಾಹ್ನದಿಂದ ನೀರು ಬಿಟ್ಟು ಬೆಂಗಳೂರಿಗೆ ಬಂದಿಳಿಯುವವರ ಕ್ರಿಯೇಟಿನಿನ್ ಅಂದು ಬೆಳಗ್ಗೆ ಏರಿರುವುದರಲ್ಲಿ ಆಶ್ಚರ್ಯವಿಲ್ಲ.

ಔಷಧಗಳ ಪೈಕಿ ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧದ ಬಗ್ಗೆ ಬಿಡಿಸಿ ಹೇಳಬೇಕು. ಆಮ್ಲೀಯ ಮೂತ್ರದಲ್ಲಿ ಅದು ಹರಳಾಗುತ್ತದೆ. ಆದ್ದರಿಂದ ಟ್ಯೂಮರ್ ಲೈಸಿಸ್‌ನಲ್ಲಿ ಬೇಡವೆಂದ ಸೋಡಾ ಬೈಕಾರ್ಬೊನೇಟ್ ಇಲ್ಲಿ ಬೇಕೇ ಬೇಕು. ಮೂತ್ರದ ಪಿಎಚ್ 7 ಮುಟ್ಟುವ ತನಕ ಔಷಧ ಶುರು ಮಾಡಬಾರದು, ಶುರುವಾದ ಮೇಲೆ ಪ್ರತಿ ಸಲದ ಮೂತ್ರಕ್ಕೂ ಪಟ್ಟಿ ಅದ್ದಿ ನೋಡಬೇಕು. ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬಿದ್ದರೆ ಮೊದಲು ಅದನ್ನು ತೆಗೆಯಬೇಕು. ಔಷಧ ಅಲ್ಲಿ ಸೇರಿಕೊಂಡು ದಿನಗಟ್ಟಲೆ ಸೋರುತ್ತದೆ. ಕೋಟ್ರೈಮಾಕ್ಸಜೋಲ್, ಪಿಪೆರಾಸಿಲಿನ್ ಎಂಬ ಆಂಟಿಬಯಾಟಿಕ್‌ಗಳು, ನೋವುಮಾತ್ರೆ, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ಇವೆಲ್ಲ ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ನಿಧಾನ ಮಾಡುತ್ತವೆ. ನಮ್ಮಲ್ಲಿ ಯಾವ ಚೀಟಿಯಲ್ಲೂ ತಪ್ಪದೆ ಇರುವುದು ಗ್ಯಾಸ್ ಮಾತ್ರೆಯೇ. ರಕ್ತದ ಮಟ್ಟ 24, 48, 72 ಗಂಟೆಗೆ ಅಳೆದು, ಅದರ ವಿಷಪರಿಣಾಮ ತಗ್ಗಿಸುವ ಲ್ಯೂಕೊವೊರಿನ್ ಪ್ರಮಾಣ ನಿರ್ಧರಿಸಬೇಕು, ಮಟ್ಟ ಲೀಟರಿಗೆ 0.1 ಮೈಕ್ರೊಮೋಲ್‌ಗಿಂತ ಕೆಳಗಿಳಿಯುವ ತನಕ ಕೊಡಬೇಕು. ಮಟ್ಟ ಅಳೆಯುವ ವ್ಯವಸ್ಥೆ ಇಲ್ಲದ ಕಡೆ ಈ ಚಿಕಿತ್ಸೆಗೆ ಕೈ ಹಾಕಬಾರದು. ಗ್ಲುಕಾರ್ಪಿಡೇಸ್ ಎಂಬ ಪ್ರತ್ಯೌಷಧ ಇದ್ದರೂ ಬೆಲೆ ವಿಪರೀತ, ಬೇಕೆಂದಾಗ ಕೈಗೆ ಸಿಗುವಂಥದ್ದಲ್ಲ.

ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್ ಹೆಸರು 2021ರ ಕಪ್ಪು ಶಿಲೀಂಧ್ರದ ದಿನಗಳಿಂದ ಮನೆಮಾತಾಗಿದೆ. ಹಳೆಯ ಬಗೆಯದು ಕಿಡ್ನಿಗೆ ಹೆಚ್ಚು ಕಠಿಣ, ಲೈಪೊಸೋಮಲ್ ಬಗೆಯದು ವಾಸಿ, ಹಾಗೆಂದು ನಿರಪಾಯವಲ್ಲ. ಕೊಡುವ ಮುನ್ನ ಅರ್ಧದಿಂದ ಒಂದು ಲೀಟರ್ ನಾರ್ಮಲ್ ಸಲೈನ್ ಓಡಿಸಿದರೆ ಪೆಟ್ಟು ತಗ್ಗುತ್ತದೆ. ಆದರೆ ಔಷಧವನ್ನು ಬೆರೆಸಬೇಕಾದದ್ದು ಶೇ 5ರ ಡೆಕ್ಸ್‌ಟ್ರೋಸ್‌ನಲ್ಲಿ. ಸಲೈನ್ ತಾಗಿದರೆ ಅದು ಒಡೆದು ಗಸಿಯಾಗುತ್ತದೆ, ಹಾಗಾಗಿ ನಡುವೆ ನಳಿಗೆಯನ್ನೂ ಡೆಕ್ಸ್‌ಟ್ರೋಸ್‌ನಿಂದಲೇ ತೊಳೆಯಬೇಕು. ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಮೂತ್ರದಲ್ಲಿ ಹರಿದುಹೋಗುತ್ತವೆ. ಮೆಗ್ನೀಸಿಯಂ ತುಂಬದೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ.

ಬಿಳಿ ರಕ್ತಕಣ ಕುಸಿದಾಗ ಬರುವ ಸೋಂಕು, ಅದರಿಂದ ಬೀಳುವ ರಕ್ತದೊತ್ತಡವೂ ಕಿಡ್ನಿಯ ದೊಡ್ಡ ಶತ್ರುಗಳು. ಜ್ವರ 38.3 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಂದರೆ ಸುಮಾರು 101 ಫ್ಯಾರನ್‌ಹೀಟ್, ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳ ಸೇರಬೇಕು. ಕ್ರಿಯೇಟಿನಿನ್ ಹೆಚ್ಚಿದೆಯೆಂದು ಮೊದಲ ಡೋಸನ್ನೇ ಅರ್ಧ ಮಾಡುವವರಿದ್ದಾರೆ. ಮೊದಲ ಡೋಸ್ ಯಾವಾಗಲೂ ಪೂರ್ತಿ, ಇಳಿಸುವುದು ಆಮೇಲೆ. ವ್ಯಾಂಕೊಮೈಸಿನ್, ಅಮಿಕಾಸಿನ್, ಕೊಲಿಸ್ಟಿನ್ ಮೂರೂ ಕಿಡ್ನಿಯನ್ನು ಕಾಡುವಂಥವು. ಕಲ್ಚರ್ ವರದಿ ಬಂದು ಬೇಡವೆಂದಾದ ದಿನವೇ ನಿಲ್ಲಿಸಬೇಕು, ‘ಇರಲಿ’ ಎಂದು ಮುಂದುವರಿಸಬಾರದು. ವೈರಸ್ ಸೋಂಕಿಗೆ ಕೊಡುವ ಅಸೈಕ್ಲೊವಿರ್ ಅನ್ನು ಐದು ನಿಮಿಷದಲ್ಲಿ ತಳ್ಳಿದರೆ ಕಿಡ್ನಿಯ ನಾಳದಲ್ಲಿ ಹರಳಾಗಬಹುದು, ಒಂದು ಗಂಟೆ ಹರಿಸಿದರೆ ಆ ಅಪಾಯ ತಗ್ಗುತ್ತದೆ. ಕೋಟ್ರೈಮಾಕ್ಸಜೋಲ್ ಕಿಡ್ನಿ ಕೆಡಿಸದೆಯೂ ಕ್ರಿಯೇಟಿನಿನ್ ಕೊಂಚ ಏರಿಸುತ್ತದೆ, ಪೊಟ್ಯಾಸಿಯಂ ಮಾತ್ರ ನಿಜವಾಗಿ ಏರಿಸುತ್ತದೆ. ಅಸ್ಥಿಮಜ್ಜೆ ಕಸಿಯಾದವರಲ್ಲಿ ಶಿಲೀಂಧ್ರದ ಮದ್ದಾದ ವೊರಿಕೊನಜೋಲ್ ಅಥವಾ ಪೊಸಕೊನಜೋಲ್ ಸೇರಿಸಿದ ದಿನ, ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಟ್ಯಾಕ್ರೊಲಿಮಸ್ ಪ್ರಮಾಣ ಮೂರನೇ ಒಂದಕ್ಕೆ ಇಳಿಯದಿದ್ದರೆ ವಾರದೊಳಗೆ ಕಿಡ್ನಿ ದೂರು ಹೇಳುತ್ತದೆ. ಇಷ್ಟೆಲ್ಲ ಔಷಧ ಹುಡುಕುವ ಭರದಲ್ಲಿ ಹೊಟ್ಟೆಯ ಸ್ಕ್ಯಾನ್ ಮರೆಯಬಾರದು. ಲಿಂಫೋಮಾ ಗಂಟುಗಳು ಮೂತ್ರನಾಳವನ್ನು ಒತ್ತಿ ಕಟ್ಟಿದ್ದರೆ ಸ್ಟೆಂಟ್ ಹಾಕಿದ ಮರುದಿನವೇ ಕ್ರಿಯೇಟಿನಿನ್ ಇಳಿಯತೊಡಗುತ್ತದೆ.

ಮನೆಯವರು ಪ್ರೀತಿಯಿಂದ ತರುವುದರ ಬಗ್ಗೆಯೂ ಹೇಳಬೇಕು. ಆಸ್ಪತ್ರೆಗೆ ಹೊರಟವರ ಕೈಯಲ್ಲಿ ಎಳನೀರು ಇದ್ದೇ ಇರುತ್ತದೆ. 300 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 700 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಟ್ಯೂಮರ್ ಲೈಸಿಸ್ ಅಪಾಯದ ವಾರದಲ್ಲಿ, ಮೂತ್ರ ಕಡಿಮೆಯಾದವರಿಗೆ ಅದು ವಿಷಕ್ಕೆ ಸಮ. ಆಂಫೊಟೆರಿಸಿನ್‌ನಿಂದ ಪೊಟ್ಯಾಸಿಯಂ ಕಳೆದುಕೊಳ್ಳುತ್ತಿರುವವರಿಗೆ ಅದರಿಂದ ತೊಂದರೆಯಿಲ್ಲ. ಕುಡಿಸುವ ಮುನ್ನ ಅವತ್ತಿನ ಪೊಟ್ಯಾಸಿಯಂ ಎಷ್ಟೆಂದು ಸಿಸ್ಟರನ್ನು ಕೇಳಿ. ಕರಾವಳಿಯ ಬಿಂಬುಳಿ, ಧಾರೆಹುಳಿ ರಸಗಳಲ್ಲಿ ಆಕ್ಸಲೇಟ್ ದಂಡಿಯಾಗಿದೆ. ಔಷಧವೆಂದು ಲೋಟಗಟ್ಟಲೆ ಕುಡಿದವರ ಒಳ್ಳೆಯ ಕಿಡ್ನಿಯೂ ಹರಳು ಕಟ್ಟಿ ನಿಂತದ್ದು ವೈದ್ಯಕೀಯ ದಾಖಲೆಯಲ್ಲಿದೆ. ಈಶ್ವರಿ ಬೇರಿನ ಕುಲದ ಗಿಡಗಳಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಕಿಡ್ನಿಯನ್ನು ಶಾಶ್ವತವಾಗಿ ಸುಕ್ಕುಗಟ್ಟಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. ನಾಟಿ ಔಷಧ ಕೊಟ್ಟಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ವೈದ್ಯರೂ ಬೈಯದೆ ಕೇಳುವುದನ್ನು ಕಲಿಯಬೇಕು.

ಡಯಾಲಿಸಿಸ್ ಎಂದ ಕೂಡಲೇ ‘ಇನ್ನು ಜೀವನಪೂರ್ತಿ’ ಎಂದು ಹೆದರಿ ರೋಗಿಯನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ಟ್ಯೂಮರ್ ಲೈಸಿಸ್‌ನಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳ ಮಾತು, ಆಮೇಲೆ ಬಹುಪಾಲು ಕಿಡ್ನಿಗಳು ಮರಳುತ್ತವೆ. ಆದರೆ ಆ ಕೆಲವು ದಿನ ಪ್ರತಿದಿನ ಬೇಕು. ರಂಜಕ ಕೋಶಗಳಿಂದ ನಿಧಾನಕ್ಕೆ ಹೊರಬರುವುದರಿಂದ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿ ನಿಲ್ಲಿಸಿದರೆ ರಾತ್ರಿಯೊಳಗೆ ಮತ್ತೆ ಏರುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿದೆಯೆಂದು ಡಯಾಲಿಸಿಸ್ ನಿರಾಕರಿಸುವುದೂ ಸರಿಯಲ್ಲ. ಪ್ಲೇಟ್‌ಲೆಟ್ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ಕುತ್ತಿಗೆಯ ಬಲ ರಕ್ತನಾಳಕ್ಕೆ ನಳಿಗೆ ಹಾಕಬಹುದು. ಕೊರಳೆಲುಬಿನ ಕೆಳಗಿನ ನಾಳ ಬೇಡ, ಅಲ್ಲಿ ರಕ್ತ ಸುರಿದರೆ ಒತ್ತಿ ಹಿಡಿಯಲಾಗದು. ಹೆಪಾರಿನ್ ಇಲ್ಲದೆಯೇ ಮೆಷಿನ್ ಓಡಿಸಿ 15ರಿಂದ 30 ನಿಮಿಷಕ್ಕೊಮ್ಮೆ 100-200 ಮಿಲಿಲೀಟರ್ ಸಲೈನ್‌ನಿಂದ ತೊಳೆದರೆ ರಕ್ತ ಹೆಪ್ಪುಗಟ್ಟದು. ಹಾಗೆ ಹಾಕಿದ ಸಲೈನನ್ನು ಅದೇ ಡಯಾಲಿಸಿಸ್‌ನಲ್ಲಿ ತೆಗೆಯಲು ಲೆಕ್ಕಕ್ಕೆ ಸೇರಿಸಬೇಕು.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಿಗೆ ಮೆಷಿನ್‌ಗಳು ಬಂದಿವೆ. ಅಲ್ಲಿನ ಪಾಳಿಗಳು ವಾರಕ್ಕೆ ಎರಡೋ ಮೂರೋ ಸಲ ಬರುವ ಖಾಯಂ ರೋಗಿಗಳಿಗೆ ಹೊಂದಿಕೊಂಡಿವೆ. ಇದ್ದಕ್ಕಿದ್ದಂತೆ ಬಂದು ಐದು ದಿನ ಸತತ ಕೇಳುವವರಿಗೆ ಜಾಗವಿಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದು ಮೆಷಿನ್ ತುರ್ತಿಗೆಂದು ಮೀಸಲಿರಲಿ, ಅದರ ತಂತ್ರಜ್ಞರಿಗೆ ಹೆಪಾರಿನ್ ಇಲ್ಲದ ವಿಧಾನ ಕಲಿಸಲಿ ಎಂದು ಆರೋಗ್ಯ ಇಲಾಖೆಯನ್ನು ಕೋರುತ್ತೇವೆ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕೇಂದ್ರಗಳಿಗೆ ರೋಗಿಯನ್ನು ಕಳಿಸುವ ಚೀಟಿಯ ಮೊದಲ ಸಾಲಿನಲ್ಲಿ ದಾಖಲಾದ ದಿನದ ಕ್ರಿಯೇಟಿನಿನ್, ತೂಕ, ಹಿಂದಿನ 24 ಗಂಟೆಯ ಮೂತ್ರ, ಕೊಟ್ಟ ಸ್ಟೀರಾಯ್ಡ್ ಮತ್ತು ನೋವುಮದ್ದಿನ ಹೆಸರು ಇರಲಿ. ‘ಕಿಡ್ನಿ ತೊಂದರೆ ಇದೆ’ ಎಂಬ ಷರಾದಿಂದ ಸ್ವೀಕರಿಸುವವರಿಗೆ ಏನೂ ತಿಳಿಯುವುದಿಲ್ಲ.

ಡಿಸ್ಚಾರ್ಜ್ ಆದ ಮೇಲೆ ಮೂರು ತಿಂಗಳಿಗೆ ಕ್ರಿಯೇಟಿನಿನ್, ಮೂತ್ರದ ಅಲ್ಬುಮಿನ್, ರಕ್ತದೊತ್ತಡ ಮತ್ತೆ ನೋಡಲೇಬೇಕು. ಆಸ್ಪತ್ರೆಯಲ್ಲಿ ನಿಲ್ಲಿಸಿದ ಮೆಟ್‌ಫಾರ್ಮಿನ್, ಬಿಪಿಯ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಮಾತ್ರೆಗಳನ್ನು ಮನೆಯ ಹಳೆಯ ಡಬ್ಬಿಯಿಂದ ತೆಗೆದು ತಾವಾಗಿಯೇ ಶುರು ಮಾಡಬಾರದು. ಯಾವುದನ್ನು ಯಾವಾಗ ಮತ್ತೆ ಶುರು ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ.

ಇತಿ,
ರಕ್ತ ಕ್ಯಾನ್ಸರ್ ಮತ್ತು ಮೂತ್ರಪಿಂಡ ಚಿಕಿತ್ಸಾ ವಿಭಾಗಗಳ ಕೆಲವು ವೈದ್ಯರು ಹಾಗೂ ಶುಶ್ರೂಷಕರು